ಮಾವ ಕಾರು ತಗ್ಗಿಸಿದ್ದು

ನೀವು ನಂಬಲ್ಲ ಬಿಡ್ರಿ. ನಂಬಬ್ಯಾಡ್ರಿ, ಆದ್ರೆ ಎದ್ದು ಮಾತ್ರ ಹೋಗಬ್ಯಾಡ್ರಿ! ನಮ್ಮ ಸೋದರಮಾವ ಒಂದು ಜೋಳದ ಚೀಲಕ್ಕೆ "ಯವ್ವಾ, ಆರಾಮೈತಾ? ಸೊಂಟ ನೋಯ್ತೈತಾ?" ಅಂತ ಕೇಳ್ಕಂತ ದಾವಣಗೆರೆಯಿಂದ ಹರಿಹರದ ತನಕ ಕಾರು ಓಡಿಸಿದ್ದನ್ನ ಈ ಕಣ್ಣಾರೆ ನೋಡೀನಿ. ಹಿಂದಿನ ಸೀಟ್ನಾಗೆ ಹಾಲಿನ ಪಾತ್ರೆ ಹಿಡ್ಕಂಡು ಕುಂತಾಕಿ ನಾನೇ! ಈ ಊರಾಗೆ ಕಾರು ಇರೋರು ಅದಾರೆ, ಹುಚ್ಚು ಇರೋರೂ ಅದಾರೆ. ಎರಡನ್ನೂ ಒಂದೇ ಮನ್ಯಾಗೆ ಸಾಕ್ಕಂಡಿರೋರು ನಾವೊಬ್ಬರೇ.

ಮಾವಂದು ಮಂಡಕ್ಕಿ ವ್ಯಾಪಾರ. ಹುರಿಯೋ ಭಟ್ಟಿ ಇಲ್ಲಿ ದಾವಣಗೆರ್ಯಾಗೆ, ಅಂಗಡಿ ಹರಿಹರದಾಗೆ. ದಿನಾ ಹೋಗಿ ಬರೋಕೆ ಅಂತ ಯಾರೋ ಸಾಹುಕಾರ್ರು ಓಡಿಸಿ ಓಡಿಸಿ ಬ್ಯಾಸತ್ತ ವಿಲಾಯ್ತಿ ಕಾರೊಂದನ್ನ ತಂದ. ಅದರ ಎತ್ತರ ಏನು ಕೇಳ್ತೀರಾ! ಹತ್ತೋಕೆ ಏಣಿ ಬೇಕು, ಇಳಿಯೋಕೆ ಧೈರ್ಯ ಬೇಕು.

ಮೊದಲ್ನೇ ದಿನನೇ ಅಜ್ಜಿನ್ನ, ಅಂದ್ರೆ ಅವರವ್ವನ್ನ, ಎತ್ತಿ ಕುಂದ್ರಿಸಿ ಮೆರೆಸ್ಕಂಡು ಹೊರಟ. ಹರಿಹರದಾಗೆ ಅಜ್ಜಿಗೆ ಒಬ್ಬಳೇ ತಂಗಿ. ಆ ಚಿಕ್ಕಜ್ಜಿಗೆ ಕಣ್ಣು ಮಂಜು, ಒಬ್ಬಳೇ ಎಲ್ಲೂ ಹೋಗಂಗಿಲ್ಲ. ನಮ್ಮ ಅಜ್ಜಿಗೆ ಮಂಡಿ ನೋವು, ಬಸ್ಸಿನ ಮೆಟ್ಲು ಹತ್ತಂಗಿಲ್ಲ. ಹಂಗಾಗಿ ಅಕ್ಕ ತಂಗಿ ಮುಖ ನೋಡಿ ಯಾವ ಕಾಲ ಆಗಿತ್ತೋ! ರೈಲ್ವೆ ಗೇಟ್ ದಾಟೋವಾಗ ಕಾರು ಎಗರ್ತು. ಒಳಗೆ ಅಜ್ಜಿನೂ ಎಗರಿದ್ಲು. ಕಾರು ಕೆಳಗೆ ಬಂತು. ಅಜ್ಜಿ ತಲೆ ಮಾತ್ರ ಮೇಲಿನ ತಗಡಿಗೆ ಬಡಿದು ಢಣ್ ಅಂತು!

ಅಜ್ಜಿ ಅಲ್ಲೇ ಇಳಿದು, ಜಟಕಾದೋನ ಹೆಗಲು ಹಿಡಿದು ಜಟಕಾ ಹತ್ತಿ ಮನಿಗೆ ಬಂದ್ಲು. "ಇನ್ನ ಈ ಪೆಟ್ಟಿಗ್ಯಾಗೆ ನಾ ಕುಂದ್ರಲ್ಲ" ಅಂದ್ಲು. ಆಕಿ ಒಂದು ಸಲ ಅಂದ್ರೆ ಮುಗೀತು. ತಾತನೇ ಹೆದರ್ತಿದ್ದನಂತೆ.

ಮಾವ ಅವತ್ತು ರಾತ್ರಿ ಉಣ್ಣಲಿಲ್ಲ. ಬೆಳಗಾಗೋದ್ರಾಗೆ ಮಾತ್ರ ಶಪಥ ರೆಡಿ! "ಅವ್ವ ಕಾಲೆತ್ತದಂಗೆ ಹತ್ತಬೇಕು, ತಲೆ ಅಲ್ಲಾಡದಂಗೆ ಇಳೀಬೇಕು. ಚಿಕ್ಕವ್ವನ ಮನಿ ಬಾಗ್ಲಾಗೇ ಇಳೀಬೇಕು!"

ನಡೀತು ಸವಾರಿ ಮೇಸ್ತ್ರಿ ಸಾಬ್ರ ಗ್ಯಾರೇಜಿಗೆ. ಸಾಬ್ರಿಗೆ ತಾವು ಡಾಕ್ಟ್ರು ಅಂತ ಭ್ರಮೆ. ಬಾನೆಟ್ಟಿಗೆ ಕಿವಿ ಇಟ್ಟು ಕಣ್ಣು ಮುಚ್ಚಿ ನಿಲ್ತಿದ್ರು.

"ಅರೇ ಮಾಲಕ್ರೆ, ಕಾರು ತಗ್ಗಿಸಿದ್ರೆ ತಳ ಬಡೀತೈತೆ. ಎತ್ತರ ಬಿಟ್ರೆ ಅಮ್ಮಾವ್ರು ಹತ್ತಲ್ಲ. ಎರಡ್ರಾಗೆ ಒಂದು ಹೇಳ್ರಿ."

"ಎರಡೂ ಬೇಕು!"

"ಮದುವಿನೂ ಆಗ್ತೀನಿ, ಸನ್ಯಾಸಿನೂ ಆಗ್ತೀನಿ ಅಂದಂಗಾತು!"

ಮೊದಲು ಶಾಕಪ್ಸರ್ ಬದಲಾಯಿಸೋದು ಅಂತ ಆತು. ಕಾರು ಎಗರಿದ ಮ್ಯಾಲೆ ಅದಕ್ಕೆ ಸಮಾಧಾನ ಹೇಳಿ ಕುಂದ್ರಿಸೋ ಸಾಮಾನು ಅದು. ಮಾವ ಎಲ್ಲಿಂದಲೋ ಲಾರಿದು ತಂದ. "ದೊಡ್ಡದು, ದೊಡ್ಡ ಸಮಾಧಾನ ಹೇಳ್ತೈತೆ" ಅಂತ! ಹಾಕಿದ್ರು. ಅವತ್ತು ಶಾಮನೂರು ತನಕ ಹೋಗಿ ಬಂದೆವು. ನನ್ನ ಹಲ್ಲು ಎಲ್ಲಾ ಅದಾವೋ ಇಲ್ಲೋ ಅಂತ ನಾಲಿಗ್ಯಾಗೆ ಮುಟ್ಟಿ ಮುಟ್ಟಿ ನೋಡ್ಕಂಡೆ. ದಾರ್ಯಾಗೆ ಒಂದು ಕಡ್ಡಿ ಬಿದ್ದಿದ್ರೂ ಅದು ಯಾವ ಮರದ್ದು ಅಂತ ಬೆನ್ನೆಲುಬಿಗೆ ತಿಳೀತಿತ್ತು!

ಆಮೇಲೆ ಮೆತ್ತಂದು ಬೇಕು ಅಂತ ಸವೆದು ಹೋದವನ್ನ ಹಾಕಿಸಿದ. ಈಗ ಕಾರು ತೊಟ್ಲು! ಒಂದು ಗುಂಡಿ ಸಿಕ್ರೆ ಸಾಕು, ಮುಂದಿನ ಗುಂಡಿ ತನಕ ತೂಗೋದೇ. ಚೌಕದಾಗೆ ನಿಲ್ಲಿಸಿದ್ರೂ ಬಗ್ಗಿ ಬಗ್ಗಿ ನಮಸ್ಕಾರ ಹಾಕ್ತಿತ್ತು. ಅಲ್ಲಿ ನಿಂತಿದ್ದ ಪೊಲೀಸಪ್ಪ ಪಾಪ, ಯಾರೋ ದೊಡ್ಡೋರು ಅಂತ ಸಲ್ಯೂಟ್ ಹೊಡೆದ. ಕಾರು ಮತ್ತೆ ಬಗ್ತು, ಆತ ಮತ್ತೆ ಹೊಡೆದ. ಮಾವ ಅದನ್ನ ತನಗೇ ಅಂತ ತಿಳ್ಕಂಡ, ಮೀಸೆ ತಿರುವ್ದ!

ಕೊನಿಗೆ ಕಾರಿನ ಅಳತಿಗೆ ಸರಿಯಾದ ಶಾಕಪ್ಸರ್ ಸಿಕ್ತು. ಇನ್ನ ತಗ್ಗಿಸೋದು. ಚಕ್ರದ ಮ್ಯಾಲೆ ಕಮಾನಿನಂಗೆ ಬಾಗಿದ ಉಕ್ಕಿನ ಪಟ್ಟಿ ಪೇರಿಸಿರ್ತಾರಲ್ಲ, ಅದ್ರಾಗೆ ಪಟ್ಟಿ ತೆಗೆದಂಗೆಲ್ಲ ಕಾರು ತಗ್ತೈತೆ. "ದಿನಾ ಎಷ್ಟು ಭಾರ ಇರ್ತೈತೋ ಅಷ್ಟು ಹೇರ್ಕಂಡು ಬರ್ರಿ, ನೋಡಿ ತೆಗೀತೀನಿ" ಅಂದ್ರು ಸಾಬ್ರು.

ಮಾವ ಏನು ಹೇರ್ಕಂಡು ಬಂದ ಹೇಳ್ರಿ ನೋಡೋಣ? ಮಂಡಕ್ಕಿ! ಸೀಟ್ ತುಂಬ ಚೀಲ, ತಲೆ ಮ್ಯಾಲೆ ಚೀಲ, ಬೆನ್ನಿಗೆ ಚೀಲ. ಕಾರು ಅಂತ ಗೊತ್ತಾಗಿದ್ದೇ ಹಾರನ್ ಹೊಡೆದಿದ್ದಕ್ಕೆ!

ಸಾಬ್ರು ಆ ಗುಡ್ಡ ನೋಡಿದ್ರು. ಬಗ್ಗಿ ಪಟ್ಟಿ ನೋಡಿದ್ರು. "ಯಾ ಅಲ್ಲಾ! ಇಷ್ಟು ಹೇರಿದ್ರೂ ಒಂಚೂರು ಜಗ್ಗಿಲ್ಲ! ಏನು ಉಕ್ಕು ಮಾಲಕ್ರೆ!"

"ವಿಲಾಯ್ತಿದು!" ಅಂದ ಮಾವ, ತಾನೇ ಎರಕ ಹೊಯ್ದಂಗೆ.

ಹುಟ್ಟಿದಾಗಿಂದ ಮಂಡಕ್ಕಿ ತಿಂದು ಬೆಳೆದ ಊರ ಜನ ಇವರು! ಅದಕ್ಕೆ ತೂಕ ಇಲ್ಲ ಅಂತ ಇಬ್ರಿಗೂ ಹೊಳೀಲಿಲ್ಲ. ಕಾರು ಜಗ್ಗೋ ತನಕ ಪಟ್ಟಿ ಕಿತ್ತಿದ್ದೇ ಕಿತ್ತಿದ್ದು. ಮನಿ ಮುಂದೆ ತಂದು ನಿಲ್ಲಿಸಿದ. ಕಾರು ಪಲ್ಲಕ್ಕಿಯಂಗೆ ತಗ್ಗಿ ಕುಂತಿತ್ತು. ನಮ್ಮತ್ತೆ ನಕ್ಕೋತ ಬಂದು ಸೀಟಿನ ಮ್ಯಾಲೆ ಕುಂತ್ಲು ನೋಡ್ರಿ, ಕಾರಿನ ಹೊಟ್ಟೆ ನೆಲಕ್ಕೆ ತಾಗಿ ಧಡ್ ಅಂತು!

"ಓಣಿ ಮುಂದೆ ನನ್ನ ತೂಕ ತೋರಿಸಿದ್ರಲ್ರೀ!" ಅಂದಾಕಿನೇ ಅತ್ತೆ ಒಳಗೆ ಹೋದ್ಲು. ಮಾವಗೆ ವಾರಗಟ್ಟಲೆ ಬರೀ ಉಪ್ಪಿಟ್ಟು.

ಈ ಸಲ ಮಾವ ಹುಷಾರಾದ. ಅಜ್ಜಿ ತೂಕಕ್ಕೆ ಸರಿಯಾಗಿ ಒಂದು ಜೋಳದ ಚೀಲ ತುಂಬಿಸಿ, ಮುಂದಿನ ಸೀಟ್ನಾಗೆ ಕುಂದ್ರಿಸಿ, ಜಾರಬಾರದು ಅಂತ ಅಜ್ಜಿ ಹಳೇ ಇಳಕಲ್ ಸೀರೆ ಸುತ್ತಿದ. ಅದನ್ನ ನೋಡಿ ನೋಡಿ ಸಾಬ್ರು ಪಟ್ಟಿ ಹಾಕೋದು ತೆಗಿಯೋದು ಮಾಡಿದ್ರು. ನನ್ನ ತೊಡಿ ಮ್ಯಾಲೆ ಕೆನೆಗಟ್ಟಿದ ಹಾಲಿನ ಪಾತ್ರೆ. "ಕೆನೆ ಒಡೆದ್ರೆ ಅವ್ವನ ತಲೆ ಒಡೆದಂಗೆ, ತಿಳೀತಾ?" ಅಂದ ಮಾವ.

ಹೊರಟ್ವಿ. ರೈಲ್ವೆ ಗೇಟ್ ಬಂತು. ನಾನು ಉಸಿರು ಬಿಡ್ಲಿಲ್ಲ. ಕಾರು ಮೆಲ್ಲಕೆ ಏರ್ತು, ಮೆಲ್ಲಕೆ ಇಳೀತು. ಕೆನೆ ನಿದ್ದಿ ಮಾಡ್ತಿತ್ತು! ಬಾತಿ ಕೆರೆ ದಾಟ್ತು, ಕೆನೆ ಹಂಗೇ ಐತೆ! "ಯವ್ವಾ, ಆರಾಮೈತಾ?" ಅಂತ ಮಾವ ಚೀಲಕ್ಕೆ ಕೇಳ್ತಾನೆ, ಚೀಲದ ಪರವಾಗಿ ನಾನು "ಹೂಂನಪ್ಪ" ಅಂತೀನಿ. ಹರಿಹರದ ಬೀದ್ಯಾಗೆ ಹಾರನ್ ಏನು, ಗತ್ತೇನು! ದಂಡಯಾತ್ರೆ ಗೆದ್ದು ಬಂದ ರಾಜನೂ ಅಷ್ಟು ಬೀಗಿರಲ್ಲ.

ಸಾಯಂಕಾಲ ವಾಪಸ್ ಬಂದ್ವಿ. ಓಣಿ ಜನ ಎಲ್ಲಾ ಕಾರಿನ ಸುತ್ತ ಸೇರಿದ್ರು. ಸಾಬ್ರೂ ಬಂದಿದ್ರು, ಬಾನೆಟ್ ಮ್ಯಾಲೆ ಕೈ ಇಟ್ಕಂಡು ಮದುವಿ ಮನಿ ಬೀಗರಂಗೆ ನಿಂತಿದ್ರು. ನಾನು ಕಾರಿನ ಹಿಂದೆ ನಿಂತು ಭಾಷಣ ಶುರು ಮಾಡ್ದೆ. "ಅಲ್ಲಿ ಏನಾತು ಗೊತ್ತೇನ್ರಿ? ಚಿಕ್ಕಜ್ಜಿ ಹಾರನ್ ಕೇಳಿ ಗ್ವಾಡೆ ಹಿಡ್ಕಂಡು ಹೊರಗೆ ಬಂದ್ಲು. ಸೀರೆ ಕಂಡ್ತು ನೋಡ್ರಿ, ಅಕ್ಕಾ ಬಂದ್ಯಾ ಅಂತ ಜೋಳದ ಚೀಲನ ತಬ್ಕಂಡ್ಲು!"

ಎಲ್ರೂ ಹೊಟ್ಟೆ ಹಿಡ್ಕಂಡು ನಕ್ರು. ನಾನು ಇನ್ನೂ ಜೋರಾಗಿ, "ತಬ್ಕಂಡು ಬಿಡ್ಲೇ ಇಲ್ರಿ! ಎಷ್ಟು ಸೊರಗೀಯೇ ಅಕ್ಕಾ, ಮಾತಾಡೇ ಅಂತ..."

ನಗು ನಿಂತು ಹೋತು. ತಿರುಗಿ ನೋಡಿದ್ರೆ ಹೊಸಲಿನಾಗೆ ಅಜ್ಜಿ.

ಜನ ದಾರಿ ಬಿಟ್ರು. ಅಜ್ಜಿ ಮಂಡಿ ಹಿಡ್ಕಂಡು ಕಾರಿನ ತನಕ ಬಂದ್ಲು, ಬಾಗ್ಲು ತೆಗೆದ್ಲು, ಚೀಲ ಇಳಿಸ್ರಿ ಅಂತ ಕೈ ಮಾಡಿದ್ಲು. ಸಾಬ್ರೇ ಇಳಿಸಿದ್ರು. ಕಾಲು ಎತ್ತೋದೇ ಬೇಕಾಗ್ಲಿಲ್ಲ ಆಕಿಗೆ. ಜಗಲಿ ಮ್ಯಾಲೆ ಕುಂತಂಗೆ ಕುಂತ್ಲು.

"ನಡಿ, ಸಣ್ಣಾಕಿ ಕಾಯ್ತಿರ್ತಾಳೆ."

ಮಾವ ಓಡಿ ಬಂದು ಸ್ಟೇರಿಂಗ್ ಹಿಡಿದ. ಕೀಲಿ ತಿರುವ್ದ, ಇಂಜಿನ್ ಕೆಮ್ಮಿ ಆರಿ ಹೋತು. ಮತ್ತೆ ತಿರುವ್ದ, ಮತ್ತೆ ಆರಿ ಹೋತು. ಅಜ್ಜಿ ಅವನ ಕಡಿಗೆ ನೋಡಿದ್ಲು. ಸೆರಗಿನ ತುದಿ ತೆಗೆದು ಅವನ ಕೈಯಾಗೆ ಇಟ್ಲು.

"ಮೊದ್ಲು ಕಣ್ಣು ಒರೆಸ್ಕಳಪ್ಪ. ದಾರಿ ಕಾಣಬೇಕಲ್ಲ."