ಅತ್ತೆ ಮಾಮನನ್ನು ಬಿಟ್ಟು ಹೋಗುವ ಹಾಡು

ನಮ್ಮ ಸೋದರತ್ತೆ ದಿನಾ ಸಂಜೆ ಗಂಡನನ್ನು ಬಿಟ್ಟು ಹೋಗುತ್ತಾಳೆ. ಹೋದವಳು ಅರ್ಧ ಗಂಟೆಯಲ್ಲಿ ಅದೇ ಗಂಡನಿಗೆ ಒಗ್ಗರಣೆ ಅವಲಕ್ಕಿ ಮಾಡಿ ಕೊಡುತ್ತಾಳೆ. ನಡುವೆ ಆಗುವುದೆಲ್ಲ ಗಿಟಾರಿನ ಮೇಲೆ!

ಹುಬ್ಬಳ್ಳಿಯ ಹೆಣ್ಣುಮಗಳಿಗೆ ಅಮೆರಿಕದ ಕಂಟ್ರಿ ಹಾಡಿನ ಹುಚ್ಚು ಹಿಡಿದದ್ದು ಇಲ್ಲಿಗೆ ಬಂದ ಮೇಲೆ, ಫ್ರೀವೇ ಟ್ರಾಫಿಕ್ಕಿನಲ್ಲಿ, ನನ್ನ ಕಾರಿನ ರೇಡಿಯೋದಿಂದ. ಯಾರೋ ಬಿಟ್ಟುಹೋದ ಹೆಂಡತಿಗಾಗಿ ಗೋಳಾಡುತ್ತಿದ್ದ. ಅತ್ತೆ ಕಿವಿಗೊಟ್ಟು ಕೇಳಿ, "ಇದು ನಮ್ಮ ಬೀಸುಕಲ್ಲಿನ ಪದಾನ ಐತಲ್ಲೋ. ಕಲ್ಲೊಂದಿಲ್ಲ ಅಷ್ಟ," ಎಂದಳು. ಅರವತ್ತು ದಾಟಿದ ಮೇಲೆ ಗಿಟಾರ್ ಕ್ಲಾಸಿಗೆ ಸೇರಿದಳು. ಇಳಕಲ್ ಸೀರೆ ಉಟ್ಟು ಕೌಬಾಯ್ ಟೋಪಿ ಹಾಕುವ ಅತ್ತೆ ಇಡೀ ಬೇ ಏರಿಯಾದಲ್ಲಿ ಇನ್ನಾರಿಗಿದ್ದಾಳೆ, ಹೇಳಿ?

ಆಮೇಲೆ ತಾನೇ ಒಂದು ಹಾಡು ಕಟ್ಟಿದಳು:

ಚಾ ಆರೇತಿ, ಮಾತೂ ಆರೇತಿ,
ಬಾಗಲಾ ಹಾಕ್ಕೋರಿ, ನಾ ಹೊಂಟೆ.

ಬಿಟ್ಟು ಹೋಗುವಾಗಲೂ 'ರಿ' ಬಿಡಲಿಲ್ಲ ನೋಡಿ! ಹಾಡು ಕೇಳಿದ ಅತ್ತೆಯ ಸರಟೋಗಾದ ಗೆಳತಿಯೊಬ್ಬಳು ಗಾಬರಿಯಿಂದ ಫೋನು ಮಾಡಿದಳು. "ಸುಮ್ನೆ ಸಹಿಸ್ಕೋಬೇಡಿ. ನಮ್ಮನೆ ಗೆಸ್ಟ್ ರೂಮು ಖಾಲಿ ಇದೆ, ಬಂದ್ಬಿಡಿ."

"ಇವರನ್ನೂ ಕರಕೊಂಡ ಬರಲೇನ್ರಿ?" ಎಂದು ಅತ್ತೆ ಕೇಳಿದಳು.

ಆದರೆ ಗೆಳತಿಯ ಗಾಬರಿ ಪೂರ್ತಿ ಸುಳ್ಳಲ್ಲ. ರಿಟೈರ್ ಆದಾಗಿನಿಂದ ಮಾಮ ಕಿವಿಗೆ ಹೆಡ್‌ಫೋನು ಏರಿಸಿ ಕ್ರಿಕೆಟ್ಟಿನಲ್ಲೇ ಇರುತ್ತಾರೆ. ಏನು ಕೇಳಿದರೂ ಉತ್ತರ 'ಹ್ಞೂಂ'. ಒಮ್ಮೆ ತಡೆಯಲಾರದೆ ಕೇಳಿದೆ, "ಅತ್ತಿ, ಈ ಹಾಡು ನಿಮ್ಮಿಬ್ಬರದ ಏನು?"

ಅತ್ತೆ ತಂತಿ ಬಿಗಿ ಮಾಡುತ್ತ ಹೇಳಿದಳು, "ಮಾತಾಡಿದ್ರ ಅವರಿಗೆ ಕೇಳಸೂದಿಲ್ಲ. ಹಾಡಿದ್ರರ ಕೇಳಸ್ತೈತೇನೋ ನೋಡೂಣು."

ಅವತ್ತು ನನಗೆ ತಮಾಷೆ ಹೊಳೆಯಲಿಲ್ಲ.

ಯುಗಾದಿ ಕಾರ್ಯಕ್ರಮಕ್ಕೆ ಮಿಲ್ಪಿಟಾಸಿನ ಸಭಾಂಗಣದಲ್ಲಿ ಅತ್ತೆ ಟೋಪಿ ಸರಿಮಾಡಿಕೊಂಡು ವೇದಿಕೆ ಹತ್ತಿದಳು. ಮಾಮ ಮುಂದಿನ ಸಾಲಿನಲ್ಲಿ, ಹೆಡ್‌ಫೋನು ಕೊರಳಲ್ಲಿ. ಎಂಥ ದನಿ! ಇಂಗ್ಲಿಷಿನಲ್ಲೇ ಪಿಸುಗುಡುತ್ತಿದ್ದ ಮಕ್ಕಳೂ ಬಾಯಿ ಮುಚ್ಚಿದವು. ಪಕ್ಕದವರು ಕೇಳದಿದ್ದರೂ "ನಮ್ಮತ್ತಿ" ಎಂದು ಹೇಳಿದೆ.

ಕೊನೆಯ ಸಾಲು ಬಂತು. "ಬಾಗಲಾ ಹಾಕ್ಕೋರಿ, ನಾ ಹೊಂಟೆ..."

ಮಾಮ ಎದ್ದು ನಿಂತುಬಿಟ್ಟರು. "ಏ, ಹೊಂಟೆ ಅನಬ್ಯಾಡ. ಹೋಗಿ ಬರ್ತೇನಿ ಅನ್ನು."

ಸಭೆ ಗೊಳ್ಳೆಂದು ನಕ್ಕಿತು. ಅತ್ತೆ ನಗಲಿಲ್ಲ. ಮಾಮನನ್ನೇ ನೋಡುತ್ತ, ಗಿಟಾರು ಮೀಟಿ, ಸಾಲನ್ನು ಮತ್ತೆ ಹಾಡಿದಳು: "ಬಾಗಲಾ ತಗದಿಡ್ರಿ, ಹೋಗಿ ಬರ್ತೇನಿ." ಕಂಟ್ರಿ ಹಾಡು ಅಲ್ಲಿಗೆ ಕೆಟ್ಟೇ ಹೋಯಿತು.

ಎದ್ದು ನಿಂತು ಚಪ್ಪಾಳೆ ತಟ್ಟಿದವರೆಲ್ಲ ಕುಳಿತರು. ಮಾಮ ಕುಳಿತುಕೊಳ್ಳಲಿಲ್ಲ. ಅವಳು ವೇದಿಕೆ ಇಳಿದು ಪಕ್ಕಕ್ಕೆ ಬರುವವರೆಗೂ ನಿಂತೇ ಇದ್ದರು.