ಎತ್ತಿನ ಪಾಲು

ಗಾಣದ ಚಿಕ್ಕಹನುಮಯ್ಯ ಸತ್ತು ಇನ್ನೂರು ವರ್ಷವಾಗಿದ್ದರೂ, ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿತೆಂದರೆ ಲೆಕ್ಕದ ಮೇಷ್ಟ್ರು ನವೀನ್‌ಕುಮಾರನಿಗೆ ಆ ಹಿರಿಯನ ಮೇಲೆ ಸಿಟ್ಟು ಉಕ್ಕುತ್ತಿತ್ತು. ತ್ಯಾಮಗೊಂಡ್ಲಿನಲ್ಲಿ ಎಣ್ಣೆಗಾಣ ಆಡಿಸಿ ಬದುಕಿದ್ದ ಆತ ಸಾಯುವಾಗ ಇದ್ದಬದ್ದ ಆಸ್ತಿಯನ್ನು ಇಬ್ಬರು ಮಕ್ಕಳಿಗೆ ಬಾಯಿಮಾತಿನಲ್ಲೇ ಹಂಚಿದ್ದ. ದೊಡ್ಡವನಿಗೆ ಗಾಣದ ಕಲ್ಲು, ಚಿಕ್ಕವನಿಗೆ ಗಾಣದ ಎತ್ತು. ಬೇರೆಯಾದ ಮಕ್ಕಳು ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಲಿ ಎಂದು, ಹಿರಿಯರ ಹಬ್ಬದ ದಿನ ಇಬ್ಬರೂ ಕೂಡಿ ಹುಚ್ಚೆಳ್ಳು ಅರೆದು ಆ ಎಣ್ಣೆಯಲ್ಲೇ ತನಗೆ ದೀಪ ಹಚ್ಚಬೇಕೆಂದು ಭಾಷೆ ತೆಗೆದುಕೊಂಡಿದ್ದ.

ಕಲ್ಲು ಕದಲಲಿಲ್ಲ, ಎತ್ತು ಸತ್ತಿತು. ಆದರೆ ಎತ್ತಿನ ಪಾಲು ಮಾತ್ರ ಸಾಯಲಿಲ್ಲ. ಆ ಪಾಲಿನವರು ಎಲ್ಲಿಂದಾದರೂ ಎತ್ತು ತರಬೇಕು, ಸಿಗದಿದ್ದರೆ ತಾವೇ ನೊಗಕ್ಕೆ ಹೆಗಲು ಕೊಡಬೇಕು. ಗಂಡು ಸಂತಾನವಿಲ್ಲದ ಆ ಕವಲಿನಲ್ಲಿ ಪಾಲು ಅಂಜಿನಮ್ಮನಿಗೆ ಬಂದು, ಅವಳಿಂದ ಒಬ್ಬನೇ ಮಗ ನವೀನ್‌ಕುಮಾರನ ಕೊರಳಿಗೆ ಬಿದ್ದಿತ್ತು. ಕಲ್ಲಿನ ಪಾಲಿನ ಅಪ್ಪಯ್ಯಣ್ಣ ಅವನಿಗೆ ಮೊದಲೇ ವರಸೆಯಲ್ಲಿ ಸೋದರಮಾವ. ತನ್ನ ಒಬ್ಬಳೇ ಮಗಳು ಚೈತ್ರಳನ್ನು ಕೊಟ್ಟ ಮೇಲೆ ಹೆಣ್ಣು ಕೊಟ್ಟ ಮಾವನೂ ಆಗಿದ್ದ.

ಹೋದ ವರ್ಷ ಎತ್ತು ಸಿಗದೆ ಮೇಷ್ಟ್ರೇ ಗಾಣ ಎಳೆದಿದ್ದ. ಆ ವೀಡಿಯೊ ದೊಡ್ಡಬಳ್ಳಾಪುರದ ಅವನ ಶಾಲೆಗೆ ಅವನಿಗಿಂತ ಮೊದಲೇ ತಲುಪಿತ್ತು. ಹತ್ತನೇ ಕ್ಲಾಸಿನವರು ಮೇಜಿನ ಮೇಲೆ ಹಿಡಿ ಹಸಿಹುಲ್ಲು ಇಟ್ಟು ಭಕ್ತಿಯಿಂದ ಕೈಮುಗಿದಿದ್ದರು. ಅವನ ಹೊಸಮನೆ ಶಾಲೆಯ ಗೇಟಿಗೆ ಎದುರಾಗಿಯೇ ಇದ್ದುದರಿಂದ 'ಅಂಬಾ' ಎಂಬ ಕೂಗು ಸಂಜೆಯಾದರೂ ನಿಲ್ಲುತ್ತಿರಲಿಲ್ಲ. ಪಾಪ, ಅವನಿಗೆ ಕನಸಿನಲ್ಲೂ ಕೊಂಬು ಮೂಡುತ್ತಿದ್ದವು. ಈ ಸಲ ಪ್ರಾಣ ಹೋದರೂ ನೊಗ ಹೊರುವುದಿಲ್ಲವೆಂದು ತೀರ್ಮಾನಿಸಿದ್ದ.

ಟ್ರ್ಯಾಕ್ಟರು ತುಂಬಿದ ಸೀಮೆಯಲ್ಲಿ ಎತ್ತು ಹುಡುಕುವುದು ಸುಲಭವೇ? ಕೊನೆಗೆ ದೊಡ್ಡಬೆಳವಂಗಲದ ವೆಂಕಟರಮಣಪ್ಪನವರ ಕೈಕಾಲು ಹಿಡಿದು, ಅವರ ಎತ್ತನ್ನು ಗೂಡ್ಸ್ ಗಾಡಿಯಲ್ಲಿ ಹತ್ತಿಸಿಕೊಂಡು ಅಮಾವಾಸ್ಯೆಯ ಬೆಳಿಗ್ಗೆ ಮಾವನ ಮನೆ ಮುಂದೆ ಜಂಬದಿಂದ ಇಳಿದ. ಗೋಡೆಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದಿದ್ದರು. ಚುನಾವಣೆಯವರ ಕೆಲಸವಿರಬೇಕು ಎಂದುಕೊಂಡ.

ಒಳಗೆ ಬಿಸಿ ವಡೆ ಕರಿಯುತ್ತಿದ್ದರು. ಹಿರಿಯರಿಗೆ ಮೊದಲ ಧೂಪ ಹಾಕಿದವನಿಗೇ ಮೊದಲ ಎಲೆ ಎನ್ನುವುದು ಆ ಮನೆಯ ಪದ್ಧತಿ.

"ಧೂಪ ಮನೆಮಗ ಹಾಕ್ಬೇಕಲ್ಲಪ್ಪಾ," ಎಂದಳು ಪಕ್ಕದ ಮನೆ ಪಾಪಮ್ಮಜ್ಜಿ. ಊರಿನ ಎಲ್ಲ ಪದ್ಧತಿಗಳ ಯಜಮಾನಿಕೆ ಅವಳದೇ.

"ಮಗ ಇಲ್ದಿರೋ ಮನೇಲಿ ಅಳಿಯಾನೇ ಮಗ ಅಲ್ವೇನಜ್ಜಿ!" ಎನ್ನುತ್ತ ನವೀನ್‌ಕುಮಾರ್ ಧೂಪ ಹಾಕಿದ, ವಡೆಯ ಮುಂದೆ ಕೂತ.

ತೊಂದರೆ ಶುರುವಾದದ್ದು ಎತ್ತಿಗೆ ನೊಗ ಕಟ್ಟಿದ ಮೇಲೆ. ಜಾತ್ರೆಯಲ್ಲಿ ಬಹುಮಾನ ಗೆಲ್ಲಲೆಂದೇ ಸಾಕಿದ ಎತ್ತು ಅದು, ಹುಟ್ಟಿದಾಗಿನಿಂದ ಒಂದು ಗೇಣು ನೆಲ ಉತ್ತಿರಲಿಲ್ಲ. ಗಾಣಕ್ಕೆ ಒಂದು ಅರೆಸುತ್ತು ಬಂದಿತು, ಮೊರದಲ್ಲಿದ್ದ ಹುಚ್ಚೆಳ್ಳಿಗೆ ಬಾಯಿ ಹಾಕಿ ಅರ್ಧ ಮುಗಿಸಿತು, ಆಮೇಲೆ ಉಂಡ ಯಜಮಾನನಂತೆ ಕಾಲು ಮಡಚಿ ಮಲಗಿಬಿಟ್ಟಿತು. ಮೇಷ್ಟ್ರು ಕೋಲೆತ್ತಿದ.

"ಅಯ್ಯಯ್ಯೋ, ಹೊಡೀಬೇಡ ಕಣೋ!" ಪಾಪಮ್ಮಜ್ಜಿ ಅಡ್ಡ ಬಂದಳು. "ಬೇರೆಯೋರ ಹಿರೀಕ್ರು ಕಾಗೆ ರೂಪದಾಗೆ ಬರ್ತಾರೆ. ಗಾಣದೋನು ಎತ್ತಿನ ರೂಪದಾಗೆ ಬರ್ದೆ ಇನ್ಯಾವುದ್ರಲ್ಲಿ ಬರ್ತಾನೆ? ನೋಡು, ಬಂದೋನೇ ಹುಚ್ಚೆಳ್ಳಿಗೇ ಬಾಯಿ ಹಾಕ್ದ!"

ಬೀದಿಯವರಿಗೆಲ್ಲ ಹೌದೆನ್ನಿಸಿತು. ಎತ್ತಿಗೆ ನೊಗ ಬಿಚ್ಚಿದರು, ಹೂವಿನ ಹಾರ ಹಾಕಿದರು, ಎಡೆಗಿಟ್ಟಿದ್ದ ಕಜ್ಜಾಯ ತಿನ್ನಿಸಿ ಅಡ್ಡಬಿದ್ದರು. ಬಿಚ್ಚಿದ ನೊಗ ಬಾಯ್ತೆರೆದು ಬಿದ್ದಿತ್ತು. ಎಲ್ಲರ ಕಣ್ಣೂ ಮೇಷ್ಟ್ರ ಹೆಗಲ ಮೇಲೆ, ಎಲ್ಲರ ಕೈಯಲ್ಲೂ ಮೊಬೈಲು. ನವೀನ್‌ಕುಮಾರನಿಗೆ ಅಳು ಬರುವಂತಾಯಿತು.

"ಮಾವ, ನಿಮ್ ಕಾಲಿಗೆ ಬೀಳ್ತೀನಿ, ಪಾಲು ಬದಲಾಯಿಸ್ಕೊಳ್ಳೋಣ. ಕಲ್ಲು ನಂಗೆ, ಎತ್ತು ನಿಮ್ಗೆ."

ಅಪ್ಪಯ್ಯಣ್ಣ ಒಂದು ನಿಮಿಷವಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

"ಆಗ್ಲಿ ಬಿಡಿ ಅಳಿಯಂದ್ರೇ. ಲೇ ಚೈತ್ರಾ, ವೀಳ್ಯದೆಲೆ ತಾ!"

ಬೀದಿಯ ಮುಂದೆಯೇ ಮಾವ ಅಳಿಯ ವೀಳ್ಯ ಬದಲಾಯಿಸಿಕೊಂಡರು. ಪಾಪಮ್ಮಜ್ಜಿ ಸಾಕ್ಷಿಗೆ ಎಲೆಯಡಿಕೆ ಹಾಕಿಕೊಂಡಳು. ನವೀನ್‌ಕುಮಾರ್ ಗಾಣದ ಕಲ್ಲಿಗೆ ಒರಗಿ ಕೂತು, ಕುಂಕುಮ ಹಚ್ಚಿಸಿಕೊಂಡು ಸುಮ್ಮನಿರುವ ಇಂಥ ಆಸ್ತಿ ಸಿಕ್ಕಿತಲ್ಲ ಎಂದು ಹಿಗ್ಗಿದ.

"ಬಲೇ ಒಳ್ಳೇದಾಯ್ತು," ಎಂದ ಅಪ್ಪಯ್ಯಣ್ಣ. "ನಾಳೆ ಕ್ರೇನ್‌ನೋನು ಬರ್ತಾನೆ. ಎಲ್ಲಿಗೆ ಇಳಿಸೋದು ಅಂತ ನಂಗೂ ಒಂದೇ ಯೋಚ್ನೆ ಆಗಿತ್ತು."

"ಏನನ್ನ?"

"ಕಲ್ಲನ್ನ. ರಸ್ತೆ ಅಗಲ ಮಾಡೋಕೆ ಮನೆ ಹೋಯ್ತಲ್ಲಾ, ಗೋಡೆ ಮೇಲೆ ಕೆಂಪು ಗೆರೆ ನೋಡ್ಲಿಲ್ವಾ? ಪಾಲಿನೋರು ಎಲ್ಲಿರ್ತಾರೋ ಕಲ್ಲೂ ಅಲ್ಲೇ ಇರ್ಬೇಕು. ನಿಮ್ ಕಾರ್ ನಿಲ್ಸೋ ಜಾಗ ಸರಿಯಾಗ್ತದೆ. ಬರೋ ವರ್ಷದಿಂದ ಗಾಣ ಆಡ್ಸೋದು ನಿಮ್ಮನೇಲೇ."

ಶಾಲೆಯ ಗೇಟು ಮೇಷ್ಟ್ರ ಕಣ್ಣ ಮುಂದೆ ಗಿರ್ರನೆ ತಿರುಗಿತು. ಆದರೂ ಧೈರ್ಯ ತಂದುಕೊಂಡ. ಕಲ್ಲು ಬಂದರೆ ಬರಲಿ, ಎಳೆಯುವವನು ಮಾವ ತಾನೇ?

"ಆಯ್ತು ಮಾವ. ಈಗ ಎತ್ತಿನ ಪಾಲು ನಿಮ್ದು. ಎಳೀರಿ!"

ಅಪ್ಪಯ್ಯಣ್ಣ ಪಂಚೆ ಎತ್ತಿ, ಬಾತುಕೊಂಡ ಮಂಡಿಯನ್ನು ಬೀದಿಗೆಲ್ಲ ತೋರಿಸಿದ. "ಎಳೀತಿದ್ದೆ ಕಣಪ್ಪಾ. ಡಾಕ್ಟ್ರು ಮೆಟ್ಲು ಕೂಡ ಹತ್ತಬ್ಯಾಡ ಅಂದವ್ರೆ."

"ಅಪ್ಪನ ಕೈಲಿ ಆಗ್ದಿದ್ರೆ ಮಗ ಎಳೀತಾನೆ," ಎಂದಳು ಪಾಪಮ್ಮಜ್ಜಿ, ಎಲೆಯಡಿಕೆ ಉಗಿದು. "ಮಗ ಇಲ್ದಿರೋ ಮನೇಲಿ ಅಳಿಯಾನೇ ಮಗ. ಬೆಳಿಗ್ಗೆ ನೀನೇ ಅಂದೆ, ವಡೆ ತಿಂದ ಬಾಯಲ್ಲಿ."

ಸ್ವಲ್ಪ ಹೊತ್ತಿನಲ್ಲಿ ಗಾಣ ಕಿರುಗುಟ್ಟತೊಡಗಿತು. ಹಾರ ಹಾಕಿಕೊಂಡ ಎತ್ತು ನೆರಳಲ್ಲಿ ಮೆಲುಕು ಹಾಕುತ್ತ ನೋಡುತ್ತಿತ್ತು. ನವೀನ್‌ಕುಮಾರ್ ತಲೆ ತಗ್ಗಿಸಿ ಎರಡನೆಯ ಸುತ್ತು ಮುಗಿಸುವಾಗ ಹೆಂಡತಿಯ ದನಿ ಕೇಳಿಸಿತು.

"ರೀ, ಸ್ವಲ್ಪ ನಿಧಾನಕ್ಕೆ ಸುತ್ತಿ. ವೀಡಿಯೊ ಅಲ್ಲಾಡ್ತಾ ಐತೆ."