ನಿಂತಲ್ಲೇ ಓಡಿದ ಕಾರ್ಕಳ ಬಸ್ಸು

ನನ್ನ ಸೋದರಮಾವ ಇನ್ನಂಜೆ ಊರಿನ ತಮ್ಮ ಮನೆಯ ಚಾವಡಿಯಿಂದ ಒಂದು ಅಂಗುಲವೂ ಕದಲದೆ, ಸೈಕಲ್ ತುಳಿದುಕೊಂಡು ದಿನಾ ಬೆಳಿಗ್ಗೆ ಉಡುಪಿಯಿಂದ ಕಾರ್ಕಳಕ್ಕೆ ಹೋಗುತ್ತಿದ್ದರು ಎಂದರೆ ನೀವು ನಂಬುತ್ತೀರಾ? ನಂಬುವುದು ಬೇಡ, ಪೂರ್ತಿ ಕೇಳಿ.

ಎಂಬತ್ತರ ದಶಕದಲ್ಲಿ ಮಾವ ಖಾಸಗಿ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರು. ಹಿಂದಿನ ಬಸ್ಸು ಬರುವ ಮೊದಲೇ ಮುಂದಿನ ಸ್ಟಾಪಿನ ಜನರನ್ನು ತುಂಬಿಸಿಕೊಳ್ಳುವ ಧಾವಂತ ಅವರ ರಕ್ತಕ್ಕೇ ಇಳಿದಿತ್ತು. ಊಟಕ್ಕೆ ಕೂತರೂ ಬಲಗಾಲು ಆಕ್ಸಿಲರೇಟರು ಒತ್ತುತ್ತಿತ್ತು! ಕೊನೆಗೊಂದು ದಿನ ಎದೆ ಹಿಡಿದುಕೊಂಡು ಸ್ಟೇರಿಂಗಿನ ಮೇಲೆ ಬಾಗಿಯೇಬಿಟ್ಟರು. ಪುಣ್ಯಕ್ಕೆ ಬಸ್ಸು ಸ್ಟ್ಯಾಂಡಿನಲ್ಲಿತ್ತು.

ಹೇಗೋ ಬದುಕಿಕೊಂಡರು. ಕೆಲವು ತಿಂಗಳ ಮೇಲೆ ಮಣಿಪಾಲದ ಡಾಕ್ಟರು, "ಮನೆಯಲ್ಲೇ ಸೈಕಲನ್ನು ಸ್ಟ್ಯಾಂಡಿಗೆ ಹಾಕಿ ತುಳಿಯಿರಿ. ಸ್ವಲ್ಪ ಹೊತ್ತು ಜೋರು, ಆಮೇಲೆ ವಿಶ್ರಾಂತಿ, ಮತ್ತೆ ಜೋರು. ವಿಶ್ರಾಂತಿ ತಪ್ಪಿಸಿದರೆ ಮಾತ್ರ ಮುಂದಿನದ್ದು ನನ್ನ ಕೈಯಲ್ಲಿಲ್ಲ" ಎಂದರು.

ಹಿಂದಿನ ಚಕ್ರಕ್ಕೆ ಬ್ರೇಕು ತಾಗುವಂತೆ ಹಗ್ಗ ಬಿಗಿದು, ತುಳಿಯುವುದನ್ನು ಕಷ್ಟ ಮಾಡಿದ್ದಾಯಿತು. ಮಾವ ತುಳಿದರು, ತುಳಿದೇ ತುಳಿದರು. ಮುಖ ಕೆಂಪಾಯಿತು, ಬನಿಯನು ಒದ್ದೆಯಾಯಿತು, ಕಾಲು ಮಾತ್ರ ನಿಲ್ಲಲೊಲ್ಲದು.

"ಸಾಕು, ನಿಲ್ಲಿಸಿ ಮಾರಾಯ್ರೆ" ಎಂದು ಅತ್ತೆ ಬೇಡಿಕೊಂಡರು.

"ಇಲ್ಲಿ ಸ್ಟಾಪ್ ಎಲ್ಲಿ ಉಂಟು?" ಎಂದರು ಮಾವ.

ನಮಗೆ ನಗು, ಅತ್ತೆಗೆ ಅಳು. ಮರುದಿನ ಅತ್ತೆ, ಮಾವನ ಬಸ್ಸಿನ ಕಂಡಕ್ಟರರ ಹತ್ತಿರ ಒಂದು ಸೀಟಿ ಕೇಳಿ ತಂದು ಸೈಕಲ್ಲಿನ ಹಿಂದೆ ನಿಂತರು. ಗಡಿಯಾರ ನೋಡಿ ಊದಿದರು. "ಮಣಿಪಾಲ, ಮಣಿಪಾಲ, ಇಳಿಯುವವರು ಇಳೀರಿ." ಕಾಲು ತಟ್ಟನೆ ನಿಂತಿತು! ಅತ್ತೆ "ರೈಟ್" ಅನ್ನುವವರೆಗೆ ಮಾವ ತೆಪ್ಪಗೆ ಉಸಿರಾಡುತ್ತಾ ಕೂತರು. ಮುಂದೆ ಪರ್ಕಳ, ಹಿರಿಯಡ್ಕ, ಬೈಲೂರು. ಏರು ಬಂದಲ್ಲಿ ಹಗ್ಗ ಬಿಗಿಯುವವರೂ ಅತ್ತೆಯೇ.

"ಹಿರಿಯಡ್ಕದಲ್ಲಿ ಇಷ್ಟು ಹೊತ್ತು ಎಂತಕ್ಕೆ?" ಎಂದು ಮಾವ ಗದರುವರು.

"ಒಬ್ಬರು ಅಜ್ಜಿ ಇಳೀತಾ ಇದ್ದಾರೆ, ತಾಳಿ."

ಆ ಅಜ್ಜಿ ದಿನಾ ಇಳಿಯುತ್ತಿದ್ದರು, ಪಾಪ!

ಮಳೆಗಾಲ ಮುಗಿದ ಮೇಲೆ ಮಣಿಪಾಲದಲ್ಲಿ ಪರೀಕ್ಷೆ. ಅತ್ತೆಯೂ ನಾನೂ ಜೊತೆಗಿದ್ದೆವು. ಮಾವನ ಎದೆಗೆಲ್ಲ ತಂತಿ ಅಂಟಿಸಿ, ಅಲ್ಲಿದ್ದ ವ್ಯಾಯಾಮದ ಸೈಕಲ್ ಹತ್ತಿಸಿದರು. ಡಾಕ್ಟರು ಅದರ ತಿರುಪು ಬಿಗಿ ಮಾಡುತ್ತಾ ಹೋದರು. ಮಾವನ ಉಸಿರು ಏರತೊಡಗಿತು.

"ಸಾಕು, ನಿಲ್ಲಿಸಿ" ಎಂದರು ಡಾಕ್ಟರು. ಮಾವ ನಿಲ್ಲಿಸಲಿಲ್ಲ. ಹಣೆಯ ನರ ಉಬ್ಬಿತ್ತು. "ನಿಲ್ಲಿಸಿ ಅಂದೆನಲ್ಲ" ಎನ್ನುತ್ತಾ ಡಾಕ್ಟರು ಎದ್ದೇಬಿಟ್ಟರು.

ಅತ್ತೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಸೀಟಿ ತೆಗೆದು ಊದಿದರು. ನರ್ಸು ಬೆಚ್ಚಿಬಿದ್ದರು. ಮಾವನ ಕಾಲು ನಿಂತಿತು.

ಯಂತ್ರದ ಕಾಗದವನ್ನು ಡಾಕ್ಟರು ಬಹಳ ಹೊತ್ತು ನೋಡಿದರು. ಆಮೇಲೆ, "ಹೃದಯ ಚೆನ್ನಾಗಿ ಸುಧಾರಿಸಿದೆ. ಇನ್ನು ಹೊರಡಬಹುದು" ಎಂದರು.

ಅತ್ತೆ ಗೋಡೆ ಹಿಡಿದುಕೊಂಡರು. ಸೀಟಿ ಇನ್ನೂ ಕೈಯಲ್ಲೇ ಇತ್ತು. ಮಾವ ಆ ಕೈಯನ್ನೇ ನೋಡಿದರು. ಮೆಲ್ಲಗೆ ಇಳಿದು, ತಮಗೆಂದು ಇಟ್ಟಿದ್ದ ಕುರ್ಚಿಯನ್ನು ಅತ್ತೆಯ ಹತ್ತಿರ ಎಳೆದರು.

"ಕೂತುಕೋ ಮಾರಾಯ್ತಿ. ಇಷ್ಟು ದಿನವೂ ನೀನು ನಿಂತೇ ಇದ್ದೆ, ಅಲ್ವಾ?"

ಅತ್ತೆ ಕೂತರು. ಮುಂದಿನ ರೋಗಿ ಬಾಗಿಲಲ್ಲಿ ಕಾಯುತ್ತಿದ್ದರು. ಮಾವ ಮಾತ್ರ ಕುರ್ಚಿಯ ಬೆನ್ನು ಹಿಡಿದು ಅಲ್ಲೇ ನಿಂತರು.

"ಅವಸರ ಇಲ್ಲ ಡಾಕ್ಟ್ರೇ. ಇವಳು ಸ್ವಲ್ಪ ದಣಿವಾರಿಸಿಕೊಳ್ಳಲಿ."